ಉಸಿರಕ್ಕನೂ ಯಮರಾಯರೂ

ಸಂಶೋಧನಾಲಯದ ಮೂರನೆಯ ಮಹಡಿಯ ಉದ್ದನೆಯ ಪಡಸಾಲೆಯಲ್ಲಿ ಎದುರುಬದುರಾಗಿ ಎರಡು ಕೋಣೆಗಳಿದ್ದವು. ಒಂದರಲ್ಲಿ ಇಲಿಯ ಶ್ವಾಸಕೋಶದಲ್ಲಿ ಇನ್ನೂ ಎಷ್ಟು ಜೀವ ಉಳಿದಿದೆ ಎಂದು ಅಳೆಯುತ್ತಿದ್ದರು. ಇನ್ನೊಂದರಲ್ಲಿ ಅದೇ ಶ್ವಾಸಕೋಶದಲ್ಲಿ ಎಷ್ಟು ಜೀವಕೋಶಗಳು ಸತ್ತಿವೆ ಎಂದು ಎಣಿಸುತ್ತಿದ್ದರು. ಮೊದಲನೆಯ ಕೋಣೆಯ ಒಡತಿಯನ್ನು ಅಲ್ಲಿನ ಚಿಕ್ಕವರೂ ದೊಡ್ಡವರೂ ಉಸಿರಕ್ಕ ಎಂದು ಕರೆಯುತ್ತಿದ್ದರು. ಎದುರಿನ ಕೋಣೆಯವರು ಯಮರಾಯರು.

ಈ ಅಡ್ಡಹೆಸರುಗಳು ಸುಮ್ಮನೆ ಬಂದವಲ್ಲ. ಉಸಿರಕ್ಕನ ಮೇಜಿನ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಗಾಜಿನ ಗೂಡಿತ್ತು. ಶ್ವಾಸಕೋಶದ ತೆಳ್ಳನೆಯ ಬಿಲ್ಲೆಯೊಂದನ್ನು ಬೆಚ್ಚಗಿನ ದ್ರಾವಣದ ಜೊತೆ ಅದರೊಳಗೆ ಬಿಟ್ಟು ಮುಚ್ಚಳ ಹಾಕಿದರೆ, ಬಿಲ್ಲೆಯ ಜೀವಕೋಶಗಳು ದ್ರಾವಣದಲ್ಲಿದ್ದ ಆಮ್ಲಜನಕವನ್ನು ಹೀರತೊಡಗುತ್ತಿದ್ದವು. ಹೀರಿದಂತೆಲ್ಲ ಪರದೆಯ ಮೇಲಿನ ಗೆರೆ ಇಳಿಯುತ್ತಿತ್ತು. ಗೆರೆ ಜಾರುಬಂಡೆಯಂತೆ ಇಳಿದರೆ ಅಂಗಾಂಶ ಗಟ್ಟಿಯಾಗಿ ಬದುಕಿದೆ ಎಂದು ಅರ್ಥ. ಸೋಮಾರಿ ಹಾವಿನಂತೆ ಅಡ್ಡ ಮಲಗಿದರೆ ಕತೆ ಮುಗಿಯಿತು ಎಂದು ಅರ್ಥ. ಗೆರೆ ಚೆನ್ನಾಗಿ ಇಳಿದ ದಿನ ಉಸಿರಕ್ಕ ಪಡಸಾಲೆಯಲ್ಲಿ ಸಿಕ್ಕಿದವರಿಗೆಲ್ಲ "ಉಸಿರಾಡ್ತಿದೆ ಕಣ್ರೋ, ಉಸಿರಾಡ್ತಿದೆ!" ಎಂದು ಹೇಳಿಕೊಂಡು ಬರುತ್ತಿದ್ದಳು.

ಯಮರಾಯರದು ಎತ್ತರದ ಆಳು, ದಪ್ಪ ಮೀಸೆ. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತು, ಬಣ್ಣ ಹಿಡಿದು ಹೊಳೆಯುವ ಸತ್ತ ಜೀವಕೋಶಗಳನ್ನು ನೋಡಿ ಎಡಗೈಯಲ್ಲಿದ್ದ ಎಣಿಕೆಯ ಗುಂಡಿಯನ್ನು ಟಕ್ ಟಕ್ ಎಂದು ಒತ್ತುತ್ತಿದ್ದರು. ತಮ್ಮ ಅಡ್ಡಹೆಸರು ಅವರಿಗೆ ಗೊತ್ತಿತ್ತು. ಯಾರಾದರೂ ಬಾಗಿಲು ತಟ್ಟಿದರೆ ತಲೆ ಎತ್ತದೆ, "ಯಾರಪ್ಪ ಅದು? ನಿನ್ನ ಸರದಿ ಇನ್ನೂ ಬಂದಿಲ್ವಲ್ಲ!" ಎನ್ನುತ್ತಿದ್ದರು. ವಿದ್ಯಾರ್ಥಿಗಳಿಗೆ ಆ ಒಂದು ಮಾತು ಕೇಳಲಿಕ್ಕೇ ಬಾಗಿಲು ತಟ್ಟುವ ಚಾಳಿ ಹಿಡಿದಿತ್ತು.

ಇಷ್ಟೆಲ್ಲ ಇದ್ದರೂ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಅದಕ್ಕೆ ಕಾರಣ ಒಂದು ಔಷಧ.

ಹೊಗೆ ಕುಡಿದು ಕೆಟ್ಟ ಶ್ವಾಸಕೋಶಕ್ಕೆ ಮತ್ತೆ ಶಕ್ತಿ ತುಂಬುವ ಔಷಧವದು. ಅದನ್ನು ಪರೀಕ್ಷಿಸುವುದು ಇಬ್ಬರ ಕೆಲಸ. ಇಲಿಗಳನ್ನು ಹೊಗೆಯಲ್ಲಿ ಕೂರಿಸುವ ಕ್ರೂರ ಪದ್ಧತಿಯನ್ನು ಅಲ್ಲಿ ಬಿಟ್ಟು ಬಹಳ ಕಾಲವಾಗಿತ್ತು. ನೋವಿಲ್ಲದಂತೆ ಮಲಗಿಸಿದ ಒಂದೇ ಇಲಿಯ ಶ್ವಾಸಕೋಶದಲ್ಲಿ ತಿಳಿಯಾದ ಲೋಳೆ ತುಂಬಿ, ಅದು ಹೆಪ್ಪುಗಟ್ಟಿದ ಮೇಲೆ ನಡುಗುವ ಅಲಗಿನಿಂದ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದರೆ ರಾಶಿ ಬಿಲ್ಲೆಗಳು ಸಿಗುತ್ತಿದ್ದವು. ಅವು ಬೆಚ್ಚಗಿನ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಬದುಕಿರುತ್ತಿದ್ದವು. ಹೊಗೆ ಹಾಯಿಸಿದ ನೀರನ್ನು ಆ ಬಿಲ್ಲೆಗಳಿಗೆ ಕುಡಿಸಿ, ಕೆಲವಕ್ಕೆ ಔಷಧ ಹಾಕಿ, ಕೆಲವನ್ನು ಹಾಗೇ ಬಿಟ್ಟು, ಏನಾಯಿತು ಎಂದು ನೋಡಬೇಕು.

ಉಸಿರಕ್ಕನ ಗೆರೆಗಳ ಪ್ರಕಾರ ಔಷಧ ಅಮೃತ. ಯಮರಾಯರ ಎಣಿಕೆಯ ಪ್ರಕಾರ ಔಷಧ ಹಾಕಿದ ಬಿಲ್ಲೆಗಳಲ್ಲಿ ಸತ್ತವರ ಲೆಕ್ಕ ಕಡಿಮೆಯಾಗಿರಲಿಲ್ಲ. ಒಂದೆರಡು ಕಡೆ ಹೆಚ್ಚೇ ಇತ್ತು. ಅವಳಿಗೆ ಅವರ ಬಣ್ಣದ ಮೇಲೆ ಅನುಮಾನ, ಅವರಿಗೆ ಅವಳ ಯಂತ್ರದ ಮೇಲೆ ಅನುಮಾನ. ಸಭೆಗಳಲ್ಲಿ ಇಬ್ಬರೂ ನಯವಾಗಿಯೇ ಮಾತಾಡುತ್ತಿದ್ದರು, ಆದರೆ ಆ ನಯದ ಕೆಳಗೆ ಗರಗಸವಿತ್ತು.

ಆ ಸಂಶೋಧನಾಲಯದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಕುಳ್ಳಗಿನ ಹೆಂಗಸು, ಸಿಟ್ಟು ಬಂದಾಗ ನಗುವ ಅಭ್ಯಾಸ. ಒಂದು ಸಭೆಯಲ್ಲಿ ಇಬ್ಬರ ವಾದವನ್ನೂ ಕೊನೆಯತನಕ ಕೇಳಿ ಅವರು ನಕ್ಕರು. ಕೂತವರೆಲ್ಲ ನೆಟ್ಟಗಾದರು.

"ಒಬ್ಬರು ಮದುವೆ ಮನೆ ಅಂತೀರಿ, ಇನ್ನೊಬ್ಬರು ಸಾವಿನ ಮನೆ ಅಂತೀರಿ. ಅದೇ ಮನೆ, ಅದೇ ದಿನ. ನಾನು ಯಾವ ಬಟ್ಟೆ ಉಟ್ಕೊಂಡು ಹೋಗ್ಲಿ, ನೀವೇ ಹೇಳಿ!"

ಇಬ್ಬರ ವರದಿಗಳನ್ನೂ ಒಂದರ ಮೇಲೊಂದು ಪೇರಿಸಿಟ್ಟರು.

"ನಾಳೆಯಿಂದ ಇಬ್ಬರಿಗೂ ಒಂದೇ ಕೋಣೆ," ಎಂದರು ದೊಡ್ಡ ಮೇಡಂ. "ಒಂದೇ ಇಲಿ, ಒಂದೇ ಅಲಗು, ಒಂದೇ ಪೆಟ್ಟಿಗೆ. ಇಬ್ಬರೂ ಒಪ್ಪೋ ಒಂದು ಮಾತು ಹೊರಗೆ ಬರೋತನಕ ನನ್ನ ಮುಂದೆ ಬರ್ಬೇಡಿ."

ಆ ಸಂಜೆ ಉಸಿರಕ್ಕ ಮನೆಗೆ ಬಂದವಳೇ ಚೀಲವನ್ನು ಕುರ್ಚಿಯ ಮೇಲೆ ಎಸೆದು, "ಅತ್ತೆ, ನನ್ನನ್ನ ಯಮನ ಜೊತೆ ಕೂಡಿ ಹಾಕಿದಾರೆ" ಎಂದಳು.

ಅವಳ ಮನೆಯಲ್ಲಿದ್ದವರು ಅತ್ತೆಯೊಬ್ಬರೇ. ಗಂಡ ತೀರಿಕೊಂಡು ವರ್ಷಗಳು ಕಳೆದಿದ್ದವು, ಮಕ್ಕಳಾಗಿರಲಿಲ್ಲ. ಆಗ ನೆಂಟರೆಲ್ಲ ಸೇರಿ, ಇನ್ನು ಸೊಸೆ ತನ್ನ ದಾರಿ ನೋಡಿಕೊಳ್ಳುತ್ತಾಳೆ, ಮುದುಕಿಯನ್ನು ಯಾರು ಇಟ್ಟುಕೊಳ್ಳುವುದು ಎಂದು ಪಿಸುಪಿಸು ಮಾತಾಡಿದ್ದರು. ಸೊಸೆ ಎಲ್ಲಿಗೂ ಹೋಗಲಿಲ್ಲ. ಅತ್ತೆಯೂ ಹೋಗಲಿಲ್ಲ. ದುಃಖದಲ್ಲಿ ಒಬ್ಬರಿಗೊಬ್ಬರು ಆತುಕೊಂಡಿದ್ದವರು ಹಾಗೇ ಒಬ್ಬರಿಗೊಬ್ಬರು ಅಂಟಿಕೊಂಡುಬಿಟ್ಟಿದ್ದರು. ಈಗ ಅವರನ್ನು ನೋಡಿದವರಿಗೆ ಜಗಳಗಂಟಿ ಅಕ್ಕತಂಗಿಯರು ಎನ್ನಿಸಬೇಕು, ಹಾಗಿದ್ದರು.

ಅತ್ತೆಗೆ ಒಂದು ಕಿವಿ ಮಾತ್ರ ಕೇಳುತ್ತಿತ್ತು. ಆ ಕಿವಿಯನ್ನು ಸೊಸೆಯ ಕಡೆ ತಿರುಗಿಸಿ, "ಯಾರ ಜೊತೆ?" ಎಂದರು.

"ಯಮ! ಯಮರಾಯ!"

"ವಯಸ್ಸೆಷ್ಟು?"

"ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಅದ್ಯಾಕೆ ಈಗ?"

"ಸುಮ್ನೆ ಕೇಳ್ದೆ. ಕೈಕಾಲು ತೊಳ್ಕೊಂಡು ಬಾ, ಸಾರು ಆರ್ತಿದೆ," ಎಂದು ಅತ್ತೆ ಒಳಗೆ ಹೋದರು.

ಒಂದೇ ಕೋಣೆಯ ಸಂಸಾರ ಶುರುವಿನಲ್ಲಿ ಭಾರಿ ಕಷ್ಟವಾಯಿತು. ಹೊಳೆಯುವ ಬಣ್ಣ ನೋಡಲು ಯಮರಾಯರಿಗೆ ಕಗ್ಗತ್ತಲೆ ಬೇಕು. ಗಾಜಿನ ಗೂಡಿನಲ್ಲಿ ಗುಳ್ಳೆ ಸೇರಿದೆಯೇ ಎಂದು ನೋಡಲು ಉಸಿರಕ್ಕನಿಗೆ ಬೆಳಕು ಬೇಕು. ಅವರು ದೀಪ ಆರಿಸುವುದು, ಅವಳು ಹಚ್ಚುವುದು. ಕಡೆಗೆ ಕೋಣೆಯ ನಡುವೆ ಕಪ್ಪು ಪರದೆ ಕಟ್ಟಿದರು. ಆ ಮೇಲೂ ಪರದೆಯ ಆಚೆಯಿಂದ ಟಕ್ ಟಕ್ ಶಬ್ದ ಬರುತ್ತಲೇ ಇತ್ತು. ಅವಳು ಗೆರೆ ಇಳಿಯುವುದನ್ನು ಕಾಯುತ್ತ ಕೂತಿರುವಾಗ ಆ ಶಬ್ದ ತಲೆ ತಿನ್ನುತ್ತಿತ್ತು.

"ರಾಯರೇ, ಸ್ವಲ್ಪ ನಿಧಾನಕ್ಕೆ ಸಾಯಿಸ್ತೀರಾ?"

"ನಾನೆಲ್ಲಿ ಸಾಯಿಸ್ದೆ ಅಕ್ಕ? ಸತ್ತವರಿಗೆ ಹಾಜರಿ ಹಾಕ್ತಿದೀನಿ ಅಷ್ಟೆ."

ಅವಳಿಗೆ ನಗು ಬಂತು. ಪರದೆ ಇದ್ದುದರಿಂದ ನಗುವುದನ್ನು ತಡೆಯಲಿಲ್ಲ.

ಮೊದಲ ವಾರದಲ್ಲೇ ಒಂದು ಗುಟ್ಟು ಬಯಲಾಯಿತು. ಇಲಿಯ ಎಡ ಶ್ವಾಸಕೋಶ ಒಂದೇ ತುಂಡು. ಬಲದ್ದು ನಾಲ್ಕು ಹಾಲೆಗಳದ್ದು. ಕೊಯ್ಯುವವರು ಇಷ್ಟು ದಿನ ಎಡದ್ದನ್ನೆಲ್ಲ ಅವಳಿಗೂ ಬಲದ್ದನ್ನೆಲ್ಲ ಅವರಿಗೂ ಕಳಿಸುತ್ತಿದ್ದರು. ಇದು ಗೊತ್ತಾದಾಗ ಇಬ್ಬರೂ ಹಣೆ ಚಚ್ಚಿಕೊಂಡರು. ಜಗಳಕ್ಕೆ ಕಾರಣ ಸಿಕ್ಕಿತಲ್ಲ ಎಂದು ಇಬ್ಬರೂ ಖುಷಿಯಾಗಿ ಕ್ಯಾಂಟೀನಿಗೆ ಹೋಗಿ ಮೊದಲ ಸಲ ಒಂದೇ ಮೇಜಿನಲ್ಲಿ ಕೂತು ಚಹಾ ಕುಡಿದರು. ಚಹಾ ಕುಡಿಯುವಾಗ ಅವರಿಗೆ ಮದುವೆಯಾಗಿಲ್ಲ ಎಂಬುದು ಅವಳಿಗೆ ತಿಳಿಯಿತು.

"ಯಾಕೆ ಅಂತ ಕೇಳ್ಬಾರ್ದು," ಎಂದಳು ಉಸಿರಕ್ಕ. "ಆದ್ರೂ ಕೇಳ್ತೀನಿ. ಯಾಕೆ?"

"ಬೇರೆಯವರ ಸಾವು ಎಣಿಸ್ತಾ ಎಣಿಸ್ತಾ ನನ್ನ ವಯಸ್ಸು ಎಣಿಸೋದು ಮರ್ತುಹೋಯ್ತು," ಎಂದು ಯಮರಾಯರು ಮೀಸೆಯ ಮೇಲಿನ ಚಹಾ ಒರೆಸಿಕೊಂಡರು.

ಆದರೆ ಖುಷಿ ಬಹಳ ದಿನ ಉಳಿಯಲಿಲ್ಲ. ಒಂದೇ ಹಾಲೆಯಿಂದ ಒಂದಾದ ಮೇಲೊಂದು ಕೊಯ್ದ ಬಿಲ್ಲೆಗಳನ್ನು ಸಮನಾಗಿ ಹಂಚಿಕೊಂಡು ಅಳೆದರೂ ಉತ್ತರ ಹಳೆಯದೇ ಬಂತು. ಔಷಧ ಹಾಕಿದ ಬಿಲ್ಲೆ ಚೆನ್ನಾಗಿ ಆಮ್ಲಜನಕ ಹೀರುತ್ತಿತ್ತು, ಅದರಲ್ಲೇ ಸತ್ತವರೂ ಬೇಕಾದಷ್ಟು. ಅವಳು ಇನ್ನೊಂದು ಬಗೆಯಲ್ಲೂ ಅಳೆದಳು. ಮಿಣುಕುಹುಳು ಯಾವ ಪದಾರ್ಥದಿಂದ ಬೆಳಗುತ್ತದೋ ಅದನ್ನು ಅರೆದ ಅಂಗಾಂಶಕ್ಕೆ ಬೆರೆಸಿದರೆ, ಜೀವಕೋಶಗಳಲ್ಲಿ ಎಷ್ಟು ಶಕ್ತಿ ಕೂಡಿದೆಯೋ ಅಷ್ಟು ಬೆಳಕು ಬರುತ್ತದೆ. ಬೆಳಕೂ ಜೋರಾಗಿಯೇ ಬಂತು. ಇಬ್ಬರೂ ಪರದೆ ಸರಿಸಿ ಎದುರುಬದುರು ಕೂತು ಮುಖ ಮುಖ ನೋಡಿಕೊಂಡರು. ಈಗ ಒಬ್ಬರ ಮೇಲೊಬ್ಬರಿಗೆ ಅನುಮಾನ ಉಳಿದಿರಲಿಲ್ಲ. ಅವರ ಕಣ್ಣು ಎಷ್ಟು ಚೊಕ್ಕ, ಕೈ ಎಷ್ಟು ಚೊಕ್ಕ ಎಂದು ಅವಳು ಕಣ್ಣಾರೆ ಕಂಡಿದ್ದಳು. ಅವಳ ಗಾಜಿನ ಗೂಡನ್ನು ಅವರೂ ತಿರುಗಿಸಿ ಮುರುಗಿಸಿ ನೋಡಿ, ತಪ್ಪು ಸಿಗದೆ ಸೋತಿದ್ದರು. ಇಬ್ಬರೂ ಸರಿ, ಆದರೂ ಮಾತು ಕೂಡುತ್ತಿಲ್ಲ.

ಒಂದು ಬೆಳಿಗ್ಗೆ ಉಸಿರಕ್ಕ ಬುತ್ತಿ ಕಟ್ಟಿಕೊಳ್ಳುತ್ತಿದ್ದಾಗ ಅತ್ತೆ ಫೋನಿನಲ್ಲಿ ಗೆಳತಿಯೊಬ್ಬರ ಜೊತೆ ಮಾತಾಡುತ್ತಿದ್ದರು. ಅತ್ತೆಯ ಫೋನು ಎಂದರೆ ಇಡೀ ಕೇರಿಗೆ ಕೇಳುವ ಫೋನು.

"ಹೌದಾ! ಯಾವಾಗ ಹೋದ್ಲು? ಅಯ್ಯೋ ಪಾಪ. ಹೇಗೆ ಹೋದ್ಲು, ಅದು ಹೇಳು ಮೊದ್ಲು... ಏನು, ಅಲಮಾರು ಎಲ್ಲ ಖಾಲಿ ಮಾಡಿ, ಬಟ್ಟೆ ಹಂಚಿ, ಹಾಲಿನವನಿಗೂ ನಾಳೆಯಿಂದ ಬೇಡ ಅಂತ ಹೇಳಿ ಮಲಗಿದ್ಲಾ? ಚೆನ್ನಾಗಿ ಹೋದ್ಲು ಬಿಡು. ಅವಳ ತಮ್ಮ ಹೋದಾಗ ನೋಡಿದ್ಯಲ್ಲ, ಇಡೀ ಮನೆ ರಣರಂಗ! ಸೋದರ ಸಂಬಂಧಿಗಳೆಲ್ಲ ಇವತ್ತಿಗೂ ಆಸ್ತಿಗೆ ಕಿತ್ತಾಡ್ತಿದಾರೆ..."

ಉಸಿರಕ್ಕನ ಕೈ ಬುತ್ತಿಯ ಮುಚ್ಚಳದ ಮೇಲೇ ನಿಂತಿತು.

ಬಸ್ಸಿನಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿತ್ತು, ಆದರೂ ನಿಂತೇ ಬಂದಳು. ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಕೋಣೆಯೊಳಗೆ ನುಗ್ಗಿ ಪರದೆ ಸರಿಸಿದಳು.

"ರಾಯರೇ, ಸತ್ರು ಸತ್ರು ಅಂತ ಟಕ್ ಟಕ್ ಒತ್ತುತ್ತೀರಲ್ಲ, ಹೇಗೆ ಸತ್ರು ಅಂತ ನೋಡ್ತೀರಾ?"

ಯಮರಾಯರು ಕಣ್ಣು ಎತ್ತಿದರು. ಆಮೇಲೆ ಕೈಯಲ್ಲಿದ್ದ ಎಣಿಕೆಯ ಗುಂಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಈ ಬಣ್ಣ ಎಲ್ಲ ಸಾವಿಗೂ ಒಂದೇ ಥರ ಹೊಳೆಯುತ್ತೆ," ಎಂದರು ನಿಧಾನವಾಗಿ. "ಒಡೆದು ಸತ್ತವನಿಗೂ, ಮಡಚಿಕೊಂಡು ಸತ್ತವನಿಗೂ."

"ಮಡಚಿಕೊಂಡು?"

"ಹೌದು. ಕೆಲವು ಜೀವಕೋಶ ಊದಿಕೊಂಡು ಪಟ್ ಅಂತ ಒಡೆಯುತ್ತೆ. ಒಳಗಿನ ಹೊಲಸೆಲ್ಲ ಅಕ್ಕಪಕ್ಕದವರ ಮೇಲೆ ಚೆಲ್ಲುತ್ತೆ, ಅವರೂ ಕೆಡ್ತಾರೆ. ಇನ್ನು ಕೆಲವು, ನನ್ನ ಕಾಲ ಮುಗೀತು ಅಂತ ತಿಳ್ಕೊಂಡು, ತನ್ನ ಸಾಮಾನೆಲ್ಲ ತಾನೇ ತುಂಡು ಮಾಡಿ, ಗಂಟು ಕಟ್ಟಿ, ಕುಗ್ಗಿ ಕೂತ್ಕೊಳ್ಳುತ್ತೆ. ಪಕ್ಕದವರು ಬಂದು ಗಂಟು ಎತ್ಕೊಂಡು ಹೋಗ್ತಾರೆ. ಯಾರಿಗೂ ತೊಂದರೆ ಇಲ್ಲ, ಆ ಜಾಗಕ್ಕೆ ಹೊಸಬರು ಬರ್ತಾರೆ." ಅವರು ಎದ್ದು ನಿಂತರು. "ಅಷ್ಟೆಲ್ಲ ಗಂಟು ಮೂಟೆ ಕಟ್ಟೋಕೆ..."

"ಶಕ್ತಿ ಬೇಕು!" ಎಂದಳು ಉಸಿರಕ್ಕ.

"ಶಕ್ತಿ ಬೇಕು," ಎಂದರು ಯಮರಾಯರು. "ಇದನ್ನ ನಾನು ಓದಿದೀನಿ, ಪಾಠಾನೂ ಮಾಡಿದೀನಿ. ಎದುರಿಗೇ ಇದ್ದಾಗ ಹೊಳೀಲಿಲ್ಲ ನೋಡಿ!"

"ನನಗೆ ಮಾತ್ರ ಹೊಳೀತಾ? ನಮ್ಮತ್ತೆ ಫೋನಲ್ಲಿ ಕೂಗಾಡದೇ ಇದ್ದಿದ್ರೆ ನಾನೂ ಇವತ್ತು ಗೆರೆ ನೋಡ್ಕೊಂಡು ಕೂತಿರ್ತಿದ್ದೆ."

ಆ ದಿನ ಇಬ್ಬರೂ ಸೇರಿ ಹೊಸ ಪರೀಕ್ಷೆಯ ನಕ್ಷೆ ಹಾಕಿದರು. ಎರಡು ಬಣ್ಣ ಹಾಕುವುದು. ಕೆಂಪು ಬಣ್ಣ ಒಡೆದ ಜೀವಕೋಶಕ್ಕೆ ಮಾತ್ರ ನುಗ್ಗುತ್ತದೆ. ಹಸಿರು ಬಣ್ಣ ತನ್ನನ್ನು ತಾನೇ ಮಡಚಿಕೊಳ್ಳುತ್ತಿರುವ ಜೀವಕೋಶದಲ್ಲಿ ಮಾತ್ರ ಹೊಳೆಯುತ್ತದೆ. ಔಷಧವಿಲ್ಲದ ಬಿಲ್ಲೆ, ಔಷಧ ಹಾಕಿದ ಬಿಲ್ಲೆ. ಇವೆರಡರ ಜೊತೆ ಮೂರನೆಯದೊಂದು, ಔಷಧ ಹಾಕಿದ ಮೇಲೂ ಬೇಕೆಂದೇ ಶಕ್ತಿ ಹುಟ್ಟುವ ದಾರಿಯನ್ನು ಅಡ್ಡಗಟ್ಟಿದ ಬಿಲ್ಲೆ. ತಮ್ಮ ಊಹೆ ಸರಿಯಾಗಿದ್ದರೆ ಮೊದಲನೆಯದು ಕೆಂಪಾಗಬೇಕು, ಎರಡನೆಯದು ಹಸಿರಾಗಬೇಕು, ಮೂರನೆಯದು ಮತ್ತೆ ಕೆಂಪಿಗೆ ತಿರುಗಬೇಕು. ಹಾಗಾಗದಿದ್ದರೆ ಊಹೆಯನ್ನು ಕಸದಬುಟ್ಟಿಗೆ ಹಾಕಿ ಮನೆಗೆ ಹೋಗಬೇಕು.

ಬಣ್ಣ ತರಿಸಿ, ಹದ ಮಾಡಿ, ಕೈ ಕೂರಿಸಿಕೊಳ್ಳಲು ಕೆಲವು ವಾರಗಳು ಹಿಡಿದವು. ಆ ವಾರಗಳಲ್ಲಿ ಪರದೆ ಹೆಚ್ಚಾಗಿ ಸರಿದೇ ಇರುತ್ತಿತ್ತು. ಯಮರಾಯರು ಎಂಥ ಮಾತುಗಾರರು ಎಂದು ಅವಳಿಗೆ ತಿಳಿದದ್ದು ಆಗ. ಸಾವು ಎಣಿಸುವ ಮನುಷ್ಯ ಬದುಕನ್ನು ಇಷ್ಟು ಚಪ್ಪರಿಸುತ್ತಾನೆ ಎಂದು ಅವಳು ಎಣಿಸಿರಲಿಲ್ಲ. ಬ್ರೆಡ್ಡಿನ ಅಂಚಿನಿಂದ ಹಿಡಿದು ಕಿಟಕಿಯ ಮೇಲಿನ ಪಾರಿವಾಳಗಳ ಸಂಸಾರದ ತನಕ ಅವರಿಗೆ ಎಲ್ಲದರಲ್ಲೂ ಆಸಕ್ತಿ. ಗಂಡು ಪಾರಿವಾಳ ಕಡ್ಡಿ ತಂದು ಕೊಟ್ಟು ಬೈಸಿಕೊಳ್ಳುವುದನ್ನು ಅವರು ಅಭಿನಯಿಸಿ ತೋರಿಸಿದಾಗ ಉಸಿರಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಗಾಜಿನ ಗೂಡಿನ ಗೆರೆ ತನ್ನ ಪಾಡಿಗೆ ಇಳಿದು ತಳ ಸೇರಿದ್ದನ್ನು ನೋಡಲಿಲ್ಲ. ಆ ಅಳತೆ ಹಾಳಾಯಿತು. ಅವಳ ಕೆಲಸದ ಬದುಕಿನಲ್ಲಿ ಹೀಗೆ ಹಾಳಾದ ಮೊದಲ ಅಳತೆ ಅದು, ಆದರೂ ಅವಳಿಗೆ ಏನೂ ಬೇಸರವಾಗಲಿಲ್ಲ.

ಆಮೇಲೊಂದು ದಿನ ಯಮರಾಯರ ಮಾತಿನಲ್ಲಿ ಏನೋ ಕಳೆದುಹೋಗಿದೆ ಎಂದು ಅವಳಿಗೆ ಬೆಳಗಿನಿಂದ ಅನ್ನಿಸತೊಡಗಿತು. ಏನೆಂದು ತಿಳಿಯಲಿಲ್ಲ. "ಇಗೋ" ಎಂದು ಬಿಲ್ಲೆಯ ತಟ್ಟೆ ಚಾಚುತ್ತಿದ್ದರು. "ಕೇಳಿಸ್ತಾ?" ಎನ್ನುತ್ತಿದ್ದರು. ಎರಡೂ ಆಗದಿದ್ದಾಗ ಕೆಮ್ಮುತ್ತಿದ್ದರು. ಸಂಜೆಯ ಹೊತ್ತಿಗೆ ಅವಳಿಗೆ ಹೊಳೆಯಿತು: ಮನುಷ್ಯ ಇಡೀ ದಿನ ಒಂದು ಸಲವೂ ತನ್ನನ್ನು ಅಕ್ಕ ಎಂದು ಕರೆದಿರಲಿಲ್ಲ.

"ಬೆಳಿಗ್ಗೆಯಿಂದ ನನ್ನನ್ನ ಕೆಮ್ಮಿ ಕೆಮ್ಮಿ ಕರೀತಿದ್ದೀರಿ," ಎಂದಳು. "ಗಂಟಲು ಕೆಟ್ಟಿದೆಯಾ?"

ಯಮರಾಯರ ಕಿವಿ ಕೆಂಪಾಯಿತು.

"ಗಂಟಲು ಸರಿಯಾಗೇ ಇದೆ," ಎಂದರು. "ಅಕ್ಕ ಅನ್ನೋಕೆ ಮಾತ್ರ ನಾಲಿಗೆ ಏಳ್ತಿಲ್ಲ."

ಅವಳ ಕೈಯಿಂದ ಚಿಮಟ ಜಾರಿ ಠಣ್ ಎಂದು ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ಎತ್ತಲು ಒಟ್ಟಿಗೆ ಬಗ್ಗಿ, ಹಣೆಗೆ ಹಣೆ ಢೀ ಹೊಡೆದುಕೊಂಡು, ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡು, ಉಳಿದ ಕೆಲಸವನ್ನು ತುಟಿಪಿಟಕ್ಕೆನ್ನದೆ ಮುಗಿಸಿದರು.

ಅವಳು ಮನೆಗೆ ಬಂದು ಹಣೆಗೆ ತಣ್ಣೀರಿನ ಬಟ್ಟೆ ಹಾಕಿಕೊಂಡಳು. ಏನಾಯಿತು ಎಂದು ಅತ್ತೆ ಕೇಳಿದಾಗ, "ಬಾಗಿಲು ತಾಗ್ತು" ಎಂದಳು. ಹೇಳಿದ ಮೇಲೆ ಮನಸ್ಸಿಗೆ ಕಸಿವಿಸಿಯಾಯಿತು. ಅತ್ತೆಗೆ ಅವಳು ಸುಳ್ಳು ಹೇಳಿದ್ದೇ ಇಲ್ಲ. ಈ ಮನೆಯ ಗೋಡೆಯ ಮೇಲೆ ಅತ್ತೆಯ ಮಗನ ಚಿತ್ರವಿದೆ. ಸತ್ತ ಮಗನ ಹೆಂಡತಿ ಇನ್ನೊಬ್ಬನ ಮಾತಿಗೆ ಚಿಮಟ ಬೀಳಿಸಿಕೊಂಡಳು ಎಂದು ಆ ತಾಯಿಗೆ ಯಾವ ಬಾಯಿಂದ ಹೇಳುವುದು? ಸಂತೋಷ ಎದೆಯೊಳಗೆ ಕಾಲು ಚಾಚಿ ಕೂತಿತ್ತು, ಅದರ ಪಕ್ಕದಲ್ಲೇ ಈ ಸಂಕೋಚವೂ ಕೂತಿತ್ತು.

ಪರೀಕ್ಷೆಯ ದಿನ ಬಂತು. ಮಧ್ಯಾಹ್ನದ ಹೊತ್ತಿಗೆ ಉಸಿರಕ್ಕನ ಅಳತೆಗಳು ಮುಗಿದವು. ಮೊದಲನೆಯ ಬಿಲ್ಲೆಗಳ ಗೆರೆ ಸೋಮಾರಿ, ಎರಡನೆಯವು ಚುರುಕು, ದಾರಿ ಅಡ್ಡಗಟ್ಟಿದ ಮೂರನೆಯವು ಮತ್ತೆ ಸೋಮಾರಿ. ಬಣ್ಣ ಹಿಡಿಯಲು ಬಿಟ್ಟ ಬಿಲ್ಲೆಗಳನ್ನು ಇನ್ನೇನು ನೋಡಬೇಕು ಎನ್ನುವಾಗ ಯಮರಾಯರನ್ನು ಪಡಸಾಲೆಯ ಆ ತುದಿಯಲ್ಲಿದ್ದ ತಂಪು ಕೋಣೆಗೆ ಯಾರೋ ಕರೆದುಕೊಂಡು ಹೋದರು. ಹೋಗುವಾಗ ಅವರು, "ನೀವೇ ನೋಡ್ತಿರಿ, ಬಂದೆ" ಎಂದು ತಮ್ಮ ಕುರ್ಚಿ ತೋರಿಸಿದರು. ಆ ಕುರ್ಚಿಯಲ್ಲಿ ಅವರು ಬೇರೆ ಯಾರನ್ನೂ ಕೂರಿಸಿದವರಲ್ಲ.

ಅವಳು ಕೂತು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ಮೊದಲನೆಯ ಬಿಲ್ಲೆ: ಗಾಳಿಗೂಡುಗಳ ಜಾಲರಿಯ ತುಂಬ ಕೆಂಪು, ಕೆಂಡ ಚೆಲ್ಲಿದ ಹಾಗೆ. ಎರಡನೆಯದನ್ನು ಇಟ್ಟಳು. ಕತ್ತಲೆಯಲ್ಲಿ ಹಸಿರು ಚುಕ್ಕೆಗಳು, ಒಂದೊಂದೂ ಬಿಡಿಬಿಡಿಯಾಗಿ, ಅಚ್ಚುಕಟ್ಟಾಗಿ. ಕೆಂಪು ಹುಡುಕಿದರೆ ಅಲ್ಲೊಂದು ಇಲ್ಲೊಂದು. ಮೂರನೆಯದನ್ನು ಇಟ್ಟಳು. ಕಣ್ಣು ಹಚ್ಚಿದಳು. ಕೆಂಪು!

ಉಸಿರಕ್ಕ ಕುರ್ಚಿ ಉರುಳಿಸಿಕೊಂಡು ಎದ್ದು, ಬಾಗಿಲಿಗೆ ಓಡಿ, ಪಡಸಾಲೆಯ ಆ ತುದಿಗೆ ಕೇಳುವಂತೆ ಕೂಗಿದಳು:

"ರೀ! ಬೇಗ ಬನ್ನಿ ಇಲ್ಲಿ! ರೀ!"

ಪಡಸಾಲೆಯಲ್ಲಿದ್ದ ವಿದ್ಯಾರ್ಥಿಗಳು ನಿಂತಲ್ಲೇ ಕಲ್ಲಾದರು. ಯಾವುದೋ ಕೋಣೆಯಲ್ಲಿ ತಿರುಗುತ್ತಿದ್ದ ಯಂತ್ರವೊಂದರ ಗುಂಯ್‌ಗುಡುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ತಾನು ಏನೆಂದು ಕರೆದೆ ಎಂಬುದು ಆಗ ಅವಳ ಕಿವಿಗೇ ಬಿತ್ತು. ಆ ಒಂದಕ್ಷರ, ಗಂಡನನ್ನಲ್ಲದೆ ಇನ್ಯಾರನ್ನೂ ಕರೆಯದ ಆ ಒಂದಕ್ಷರ, ಅವನು ಹೋದ ಮೇಲೆ ಅವಳ ಬಾಯಿಗೆ ಬಂದೇ ಇರಲಿಲ್ಲ. ಈಗ ಅಪ್ಪಣೆ ಕೇಳದೆ ತಾನೇ ಹೊರಗೆ ಹಾರಿತ್ತು.

ತಂಪು ಕೋಣೆಯ ಬಾಗಿಲಲ್ಲಿ ಯಮರಾಯರು ದಪ್ಪ ಕೋಟು ಹಾಕಿಕೊಂಡು, ಮೀಸೆಯ ಮೇಲೆ ಹಿಮದ ಹನಿಯೊಂದಿಗೆ ನಿಂತಿದ್ದರು. ಒಂದು ಗಳಿಗೆ ಅವರೂ ಅಲುಗಲಿಲ್ಲ. ಆಮೇಲೆ, "ಬಂದೆ, ಬಂದೆ!" ಎಂದು ಆ ಎತ್ತರದ ಆಳು ಕೋಟು ಪಟಪಟ ಹಾರಿಸಿಕೊಂಡು ಇಡೀ ಪಡಸಾಲೆಯುದ್ದಕ್ಕೂ ಓಡಿ ಬಂದರು. ವಿದ್ಯಾರ್ಥಿಗಳ ಚಪ್ಪಾಳೆ ಪರೀಕ್ಷೆಗೋ ಓಟಕ್ಕೋ, ಗೊತ್ತಾಗಲಿಲ್ಲ.

ಅವರು ಮೂರೂ ಬಿಲ್ಲೆಗಳನ್ನು ನೋಡಿದರು. ಮತ್ತೊಮ್ಮೆ ನೋಡಿದರು. ಅವಳನ್ನು ನೋಡಿದರು.

"ಸರಿಯಾಗಿದೆ," ಎಂದರು.

"ಯಾವುದು?"

"ಎಲ್ಲಾನೂ."

ಹೊಸ ಇಲಿ, ಹೊಸ ಬಿಲ್ಲೆಗಳೊಡನೆ ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದಾಗಲೂ ಉತ್ತರ ಬದಲಾಗಲಿಲ್ಲ. ಔಷಧ ಹಾಕಿದ ಬಿಲ್ಲೆಗಳನ್ನು ಇನ್ನಷ್ಟು ದಿನ ಬಿಟ್ಟರೆ ಹಸಿರು ಚುಕ್ಕೆಗಳು ಕರಗಿ, ಆ ಜಾಗದಲ್ಲಿ ಹೊಸ ಜೀವಕೋಶಗಳು ಒಂದು ಎರಡಾಗಿ ಬೆಳೆಯುತ್ತಿದ್ದವು. ಕೆಟ್ಟವರನ್ನು ಮರ್ಯಾದೆಯಿಂದ ಕಳಿಸಿ ಹೊಸಬರನ್ನು ಕರೆದುಕೊಳ್ಳುವಷ್ಟು ಶಕ್ತಿ ಆ ಔಷಧ ಶ್ವಾಸಕೋಶಕ್ಕೆ ಕೊಡುತ್ತಿತ್ತು. ದೊಡ್ಡ ಮೇಡಂ ಚಿತ್ರಗಳನ್ನು ನೋಡಿದರು, ಗೆರೆಗಳನ್ನು ನೋಡಿದರು. ಈ ಸಲ ನಗಲಿಲ್ಲ. ಅವರಿಗೆ ನಿಜವಾಗಿ ಸಂತೋಷವಾದಾಗ ಕಣ್ಣು ತುಂಬುತ್ತದೆ ಎಂದು ಎಲ್ಲರಿಗೂ ಅವತ್ತು ಗೊತ್ತಾಯಿತು.

ಆದರೆ ಉಸಿರಕ್ಕ ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಕಡೆಗೆ ಒಂದು ಭಾನುವಾರ ಮಧ್ಯಾಹ್ನ ಯಮರಾಯರೇ ಮನೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. "ಜೊತೆಗೆ ಕೆಲಸ ಮಾಡೋರು" ಎಂದು ಪರಿಚಯ ಹೇಳಿ ಉಸಿರಕ್ಕ ಅಡುಗೆಮನೆಗೆ ಹೋಗಿ, ಇಟ್ಟಿದ್ದ ಚಹಾ ಉಕ್ಕಿ ಒಲೆಯೆಲ್ಲ ಹರಿಯುವ ತನಕ ಬಾಗಿಲ ಮರೆಯಲ್ಲೇ ಕಿವಿಗೊಟ್ಟು ನಿಂತಳು.

"ನೀವೇನು ಕೆಲಸ ಮಾಡ್ತೀರಪ್ಪ?" ಎಂದರು ಅತ್ತೆ.

"ಇಲಿ ಶ್ವಾಸಕೋಶದಲ್ಲಿ ಎಷ್ಟು ಜೀವಕೋಶ ಸತ್ತಿದೆ ಅಂತ ಎಣಿಸ್ತೀನಿ."

"ಅದನ್ನ ಕಲಿಯೋಕೆ ಕಾಲೇಜಿಗೆ ಹೋಗ್ಬೇಕಾ?"

"ಬಹಳ ವರ್ಷ ಹೋಗ್ಬೇಕು."

"ಇವಳ ಹಣೆಗೆ ತಾಗಿದ ಬಾಗಿಲು ನೀವೇ ಏನು?"

ಒಳಗಿದ್ದ ಉಸಿರಕ್ಕನಿಗೆ ಭೂಮಿ ಬಾಯಿ ತೆರೆಯಬಾರದೇ ಎನ್ನಿಸಿತು. ಹೊರಗೆ ಯಮರಾಯರು "ನಾನೇ" ಎಂದರು. "ನನಗೂ ಊದಿಕೊಂಡಿತ್ತು."

ಅತ್ತೆ ಜೋರಾಗಿ ನಕ್ಕರು. "ಒಳಗೆ ಕದ್ದು ಕೇಳ್ತಿರೋಳೇ, ಬಾ ಈಚೆ!" ಎಂದು ಕೂಗಿದರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಅತ್ತೆ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಅತ್ತೆ, ನಾನು ಹೇಳ್ಬೇಕು ಅಂತಾನೇ ಇದ್ದೆ..."

"ನೀನು ಹೇಳೋತನಕ ಕಾದ್ರೆ ನಾನು ಅಲಮಾರು ಖಾಲಿ ಮಾಡೋ ಹೊತ್ತಾಗುತ್ತೆ. ಇಷ್ಟು ವರ್ಷ ಆದ್ಮೇಲೆ ಬೆಳಿಗ್ಗೆ ಬೆಳಿಗ್ಗೆ ಗುನುಗ್ಕೊಂಡು ತಲೆ ಬಾಚ್ತೀಯ, ನನಗೆ ಒಂದು ಕಿವಿ ಕೇಳ್ಸಲ್ಲ, ಎರಡು ಕಣ್ಣೂ ಕಾಣುತ್ತೆ." ಅತ್ತೆ ಯಮರಾಯರ ಕಡೆ ತಿರುಗಿದರು. ದನಿ ಸ್ವಲ್ಪ ಗಟ್ಟಿಯಾಯಿತು. "ನೋಡಿ, ನನ್ನ ಮಗ ಹೋದಾಗ ಇವಳು ನನ್ನನ್ನ ಬಿಟ್ಟು ಹೋಗ್ಲಿಲ್ಲ. ನಾನೂ ಇವಳನ್ನ ಬಿಡೋಳಲ್ಲ. ಇವಳನ್ನ ಕರ್ಕೊಂಡು ಹೋಗೋದಾದ್ರೆ ನಾನೂ ಬರೋಳೇ. ಕಿಟಕಿ ಇರೋ ಕೋಣೆ ಬೇಕು ನನಗೆ."

"ನನ್ನ ಮನೇಲಿ ಎಲ್ಲ ಕೋಣೆಗೂ ಕಿಟಕಿ ಇದೆ," ಎಂದರು ಯಮರಾಯರು. "ಆದ್ರೆ ನನಗೊಂದು ಕಷ್ಟ. ನಿಮ್ಮನ್ನ ಏನಂತ ಕರೀಲಿ? ಅತ್ತೆ ಅನ್ನೋಕೆ ನೀವು ಇವರ ತಾಯಿ ಅಲ್ಲ. ನೆನ್ನೆಯಿಂದ ಯೋಚನೆ ಮಾಡ್ತಿದೀನಿ, ಈ ಸಂಬಂಧಕ್ಕೆ ಹೆಸರೇ ಸಿಗ್ತಿಲ್ಲ."

"ಇಷ್ಟು ಓದಿದೀರಿ, ಇಷ್ಟು ತಿಳಿಯಲ್ವಾ?" ಎಂದರು ಅತ್ತೆ. "ಇವಳು ನನ್ನ ಸೊಸೆ. ಸೊಸೆಯ ಗಂಡನಿಗೆ ಏನಂತಾರೆ? ಮಗ ಅಂತಾರೆ."

ಯಮರಾಯರು ಎದ್ದು ಬಂದು ಮುದುಕಿಯ ಮುಂದೆ ನೆಲದ ಮೇಲೇ ಕೂತರು. ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟು, ಹಾಗೇ ಕೂದಲಲ್ಲಿ ಕೈಯಾಡಿಸಿ, "ಎಣ್ಣೆ ಹಚ್ಕೊಳ್ಳೋ ಅಭ್ಯಾಸಾನೇ ಇಲ್ವಾ ನಿನಗೆ?" ಎಂದರು. ಬಹುವಚನ ಆ ಹೊತ್ತಿಗೆ ಮುಗಿದಿತ್ತು. ಉಸಿರಕ್ಕ ಗೋಡೆಯ ಚಿತ್ರವನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಮದುವೆ ನೋಂದಣಿ ಕಚೇರಿಯಲ್ಲಿ ಸರಳವಾಗಿ ನಡೆಯಿತು. ಸಾಕ್ಷಿಗೆ ದೊಡ್ಡ ಮೇಡಂ ಬಂದಿದ್ದರು. ಕಡುಗೆಂಪು ಬಟ್ಟೆ ಉಟ್ಟು, ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು. ಮೂರನೆಯ ಮಹಡಿ ಇಡೀ ದಿನ ಖಾಲಿಯಾಗಿತ್ತು.

ಯಮರಾಯರ ಮನೆ ಮೂವರಿಗೆ ಚಿಕ್ಕದಾಯಿತೆಂದು ದೊಡ್ಡದೊಂದನ್ನು ಹಿಡಿದು, ಎರಡೂ ಮನೆಯ ಸಾಮಾನು ಸಾಗಿಸಿದ್ದು ಮದುವೆಯ ಮರುವಾರ. ಹೊಸ ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು, ಕೂರಲು ಒಂದು ಕುರ್ಚಿಯೂ ಹೊರಗೆ ಬಂದಿಲ್ಲ. ಅತ್ತೆ ತಮ್ಮ ಕಿಟಕಿಯ ಮುಂದೆ ಒಂದು ಪೆಟ್ಟಿಗೆಯ ಮೇಲೆ ಕೂತು, ಬೀದಿಯಲ್ಲಿ ಯಾರು ಹೋಗುತ್ತಾರೆ, ಯಾರ ಮನೆಗೆ ಹೋಗುತ್ತಾರೆ ಎಂದು ಆಗಲೇ ವಿಚಾರಣೆ ಶುರು ಮಾಡಿದ್ದರು. ಯಮರಾಯರು ಪಾತ್ರೆಗಳ ಪೆಟ್ಟಿಗೆ ಎಂದು ಬಿಚ್ಚಿದ್ದು ಪುಸ್ತಕಗಳದಾಗಿತ್ತು. ಪುಸ್ತಕಗಳದು ಎಂದು ಬಿಚ್ಚಿದ್ದರಲ್ಲಿ ಅತ್ತೆಯ ಕಂಬಳಿಗಳಿದ್ದವು. ಕಡೆಗೆ ಸಿಕ್ಕಿದ್ದು ಒಂದೇ ತಟ್ಟೆ. ಅದರಲ್ಲೇ ಬ್ರೆಡ್ಡು ಮುರಿದು ಹಾಕಿ, ಬೆಣ್ಣೆಗೆ ಚಾಕು ಸಿಗದೆ ಚಮಚದ ಹಿಂಬದಿಯಲ್ಲಿ ಸವರಿ, ಮೂವರೂ ನೆಲದ ಮೇಲೆ ಸುತ್ತ ಕೂತರು. ಕೊನೆಯ ತುಂಡು ಯಾರಿಗೆ ಎಂದು ಗಲಾಟೆ ಎದ್ದಿತು. ತಾಯಿ ಮಗ ಇಬ್ಬರೂ ಬೇಡ ಬೇಡ ಎಂದು ತಟ್ಟೆಯನ್ನು ಆಚೀಚೆ ತಳ್ಳಾಡುತ್ತಿರುವಾಗ ಉಸಿರಕ್ಕ ಮೆಲ್ಲಗೆ ಕೈ ಹಾಕಿ ಅದನ್ನು ಬಾಯಿಗೆ ಹಾಕಿಕೊಂಡಳು.